ಹಸಿರು ಬಳೆಯ ನವಿಲು

ಅತನೂರಿನ ಗುರುಬಾಯಿಯ ಹಿತ್ತಲನ್ನು ನೋಡಲು ಜೇವರ್ಗಿ, ಆಳಂದದಿಂದಲೂ ಜನ ಬರುತ್ತಿದ್ದರು. ಗಂಡ ಅಂಬಾರಾಯ ಪುಣೆಯ ಬಂಗಲೆಯೊಂದರಲ್ಲಿ ಮಾಲಿಯಾಗಿದ್ದವನು. ಊರಿಗೆ ಬಂದಾಗಲೆಲ್ಲ ಹಸಿ ಗೋಣಿಯಲ್ಲಿ ಸುತ್ತಿ ಪರದೇಶದ ಸಸಿ ತರುತ್ತಿದ್ದ: ಬಣ್ಣದೆಲೆಯ ಕ್ರೋಟನ್, ಬೀಸಣಿಗೆಯಂತೆ ಹರಡುವ ಗಿಡ, ಕೆಂಪು ಹೂವಿನ ಕಳ್ಳಿ. ಗೋಡೆಗೆ ಗಾರೆ ಮೆತ್ತಿ, ಒಡೆದ ಚಹಾ ಕಪ್-ಬಸಿಗಳ ಚೂರು ಕೂರಿಸಿ ಗಿಳಿ, ಕೊಕ್ಕರೆ, ನವಿಲಿನ ಮೈ ಮಾಡಿದ್ದ. ನವಿಲಿಗೆ ಬಾಲ ಮಾಡುವ ಮೊದಲೇ, ಎಪ್ಪತ್ತೆಂಟರ ಮಳೆಗಾಲದಲ್ಲಿ, ವಾಂತಿಭೇದಿ ಅವನನ್ನು ಎರಡೇ ದಿನದಲ್ಲಿ ಒಯ್ದಿತು.

ಆ ದಿನ ಓಣಿಯ ಹೆಂಗಸರು ಗುರುಬಾಯಿಯ ಕೈ ಹಿಡಿದು ಹಸಿರು ಬಳೆ ಒಡೆದರು. ಆ ಚೂರುಗಳನ್ನು ಊರ ಹೊರಗೆ ಚೆಲ್ಲಬೇಕು, ಮನೆಯಲ್ಲಿ ಉಳಿಸಿಕೊಳ್ಳುವ ಪದ್ಧತಿಯಿಲ್ಲ. ಆಕೆ ಒಂದೊಂದನ್ನೂ ಆಯ್ದು ಸೆರಗಿನಲ್ಲಿ ಕಟ್ಟಿಕೊಂಡಳು. ಬಳೆಗಾರ್ತಿ ಖಾಸೀಂಬಿಯಿಂದ ಇನ್ನಷ್ಟು ಒಡಕು ಬಳೆ ಬೇಡಿ ತಂದು ನವಿಲಿನ ಬಾಲ ಮುಗಿಸಿದಳು. ಗರಿಗಳ ಕಣ್ಣು ಮಾತ್ರ ತನ್ನ ಕೈಯಲ್ಲಿದ್ದ ಬಳೆಗಳವು. ಕೇಳಿದವರಿಗೆ "ಖಾಸೀಂಬಿ ಕೊಟ್ಟಾಳ್ರಿ" ಎನ್ನುತ್ತಿದ್ದಳು. ಮುಂಜಾನೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಾಗ ಆ ಅರ್ಧ ಸುಳ್ಳು ಎದೆಯಲ್ಲಿ ಕೂರುತ್ತಿತ್ತು.

ಏಳು ವರ್ಷ ಹಾಗೇ ಕಳೆದವು. "ನಮ್ಮ ವೈನಿ ಪುಣೇನ ಅತನೂರಿಗಿ ತಂದಾಳ ನೋಡ್ರಿ" ಎಂದು ಮೈದುನ ಶಿವರಾಯ ಬಂದವರೆದುರು ಮೆರೆಯುತ್ತಿದ್ದ.

ಬಸುರಿಯನ್ನು ತೋಟದ ನೆರಳಲ್ಲಿ ಕೂರಿಸಿ ಬಯಕೆಯ ಊಟ ಉಣಿಸುವುದು ಈ ಕಡೆಯ ರೂಢಿ. ಒಂದು ದಿನ ಹಿರೋಳ್ಳಿಯ ಹೀರಾಬಾಯಿ ಏಳು ತಿಂಗಳ ಬಸುರಿ ಸೊಸೆ ಶಿವಕಾಂತಾಳನ್ನು ಅದಕ್ಕಾಗಿ ಗುರುಬಾಯಿಯ ಹಿತ್ತಲಿಗೇ ಕರೆತಂದಳು.

"ಅತ್ತಿ, ಈ ಗಿಡ ಬೀಸಣಿಗಿ ಹಿಡ್ಕೊಂಡು ನಿಂತಂಗದ."

"ನಿನಗ ಗಾಳಿ ಹಾಕಾಕ ನಿಂತಿರಬೇಕು ಬೇ. ಮನ್ಯಾಗ ನಾ ಒಬ್ಬಾಕಿ ಸಾಲವಲ್ಲೆ!"

ಎಲ್ಲರೂ ನಕ್ಕರು. ಶಿವಕಾಂತಾ ನವಿಲಿನ ಬಾಲ ಸವರಿದಳು. ಗರಿಯ ಕಣ್ಣೊಂದು ಅವಳ ಬೆರಳಿಗೆ ಅಲುಗಿತು.

"ಆಯಿ, ಇದೊಂದು ತುಣುಕು ನನಗ ಕೊಡ್ರಿ. ಕೂಸಿನ ತೊಟ್ಟಲಕ ಕಟ್ಟತೇನಿ."

ಗುರುಬಾಯಿ ಅಲುಗಿದ ಚೂರಿನ ಮೇಲೆ ಕೈಯಿಟ್ಟಳು. ಕೊಟ್ಟರೆ ಯಾರಿಗೂ ತಿಳಿಯದು. ನಿಜ ಹೇಳಿದರೆ ನವಿಲು ಉಳಿಯದು. ಅಪಶಕುನವನ್ನು ತನ್ನ ಮಟ್ಟಿಗೆ ಆಕೆ ನಂಬಿರಲಿಲ್ಲ. ಆದರೆ ಇನ್ನೊಬ್ಬಳ ಹೊಟ್ಟೆಯ ಕೂಸಿನ ಮೇಲೆ ಅದನ್ನು ಪರೀಕ್ಷಿಸುವ ಧೈರ್ಯ ಬರಲಿಲ್ಲ.

"ಬ್ಯಾಡ ತಂಗಿ. ಅವು ನನ್ನ ಕೈಯಾಗಿನ ಬಳಿ. ಅವರು ಹೋದ ದಿನ ಒಡೆದದ್ದು."

ಹೀರಾಬಾಯಿ ಸೊಸೆಯ ಕೈ ಎಳೆದಳು. "ಇದನ್ನ ಇಷ್ಟ ದಿನ ಮುತ್ತೈದ್ಯಾರಿಗೆಲ್ಲ ತೋರಿಸೀದಿ? ನಿನಗ ಮನಸ್ಸರೆ ಹೆಂಗ ಬಂತು? ನಡಿ ಬೇ ಶಿವಕಾಂತಾ!" ಬಡಿಸಿದ ಹೋಳಿಗೆ ಎಲೆಯಲ್ಲೇ ಉಳಿಯಿತು.

ಸಂಜೆ ಶಿವರಾಯ ಹಾರೆ ಹಿಡಿದು ಬಂದ. ಗುರುಬಾಯಿಯ ಮುಖ ನೋಡಲಿಲ್ಲ.

"ನನ್ನ ಹೇಣ್ತಿನೂ ಇದನ್ನ ಮುಟ್ಯಾಳ, ವೈನಿ."

"ಬಾಲ ತಗಿ. ಮೈ ನಿಮ್ಮಣ್ಣ ಮಾಡಿದ್ದಪಾ, ಅದನ್ನ ಬಿಡು."

ಅವನು ಬಾಲವನ್ನಷ್ಟೇ ಕೆಡವಿ ಹೋದ.

ಎರಡು ತಿಂಗಳಿಗೆ ಹಿರೋಳ್ಳಿಯಿಂದ ಸುದ್ದಿ ಬಂತು: ಶಿವಕಾಂತಾಳ ಕೂಸು ಸತ್ತೇ ಹುಟ್ಟಿತ್ತು. ಮುಟ್ಟಿದ್ದೇ ಸಾಕಾಯಿತು ಎಂದಿತು ಊರು. ತೋಟ ನೋಡಲು ಯಾರೂ ಬರದಾದರು.

ಗುರುಬಾಯಿ ಗಿಡಗಳಿಗೆ ನೀರು ಹಾಕುವುದನ್ನು ಬಿಡಲಿಲ್ಲ. ಗೋಡೆಯ ಬುಡದಲ್ಲಿ ಬಳೆಚೂರುಗಳು ಹಾಗೇ ಬಿದ್ದಿದ್ದವು. ಈ ಸಲ ಅವನ್ನು ಆಯ್ದುಕೊಳ್ಳಲಿಲ್ಲ. ಕೊಡ ಹೊತ್ತು ನಡೆಯುವಾಗ ಚೂರು ಕಾಲಿಗೆ ಚುಚ್ಚಿದರೆ ಕೂತು ಕೀಳುತ್ತಿದ್ದಳು, ರಕ್ತ ಒರೆಸಿ, ತನಗಿದು ಸಲ್ಲಬೇಕಾದದ್ದೇ ಎಂಬಂತೆ ಅದನ್ನು ಮತ್ತೆ ಅಲ್ಲೇ ಇಡುತ್ತಿದ್ದಳು.