ರೌಂಡ್ಸ್‌ನಲ್ಲಿ ನಿಲ್ಲುವ ಜಾಗ

ಕ್ಷಯ ವಾಸಿಯಾಗಿ, ಒಂದು ವರ್ಷದ ಮೇಲೆ ರಾಣೆಬೆನ್ನೂರಿನಿಂದ ಬಸ್ಸು ಹಿಡಿದು ಪಿ.ಜಿ. ತರಬೇತಿಗೆ ಮರಳಿದೆ. ಮತ್ತೆ ನನ್ನ ಕೈಗೆ ಪೇಷಂಟು ಕೊಡುತ್ತಾರೋ ಇಲ್ಲವೋ ಎಂಬುದೊಂದೇ ಚಿಂತೆ. ನನ್ನದೇ ಬ್ಯಾಚಿನಲ್ಲಿದ್ದ, ವಯಸ್ಸಿನಲ್ಲಿ ಕಿರಿಯಳಾದವಳು ಈಗ ನನಗೆ ಒಂದು ವರ್ಷ ಸೀನಿಯರ್. ಅದನ್ನು ಮರೆತು, ರೌಂಡ್ಸ್‌ನಲ್ಲಿ ಹಳೆಯ ರೂಢಿಯಂತೆ ಪ್ರೊಫೆಸರರ ಪಕ್ಕದಲ್ಲೇ ನಿಂತೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸೊಬ್ಬಳು ಎದುರಿನ ಬೆಡ್‌ನಲ್ಲಿ ಕೆಮ್ಮುತ್ತಿದ್ದಳು. ನಾನು ಸ್ಟೆತಾಸ್ಕೋಪ್ ಎತ್ತಿದೆ.

“ಅಕ್ಕಾ, ಹಿಂದ ಸರೀರಿ,” ಎಂದಳು ಸೀನಿಯರ್. “ನೀವು ಮತ್ತ ಜಡ್ಡು ಬಿದ್ದು ಮಲಗಿದ್ರ ನಿಮ್ಮ ಡ್ಯೂಟಿನೂ ನಾವ ಮಾಡಬೇಕು. ಒಂದು ವರ್ಷ ಮಾಡೇವಿ, ಸಾಕು.”

“ಡಾಕ್ಟರ್ ಅಕ್ಕಾರಿಗೂ ಬ್ಯಾನಿ ಐತೇನ್ರಿ?” ಎಂದು ಆ ಹೆಂಗಸು ಕೇಳಿದಳು.

ಎಲ್ಲರೂ ನಕ್ಕರೆಂದು ಡೈರಿಯಲ್ಲಿ ಬರೆದಿದ್ದೇನೆ. ನಿಜಕ್ಕೂ ನಕ್ಕರೋ, ಸಿಟ್ಟಿನಲ್ಲಿ ಬರೆಯುವಾಗ ನಾನೇ ನಗಿಸಿದೆನೋ ಹೇಳಲಾರೆ. ಪ್ರೊಫೆಸರರು ಆ ಪೇಷಂಟನ್ನು ಸೀನಿಯರ್‌ಗೇ ವಹಿಸಿದ್ದು ಮಾತ್ರ ಕೇಸ್‌ಶೀಟಿನಲ್ಲಿದೆ. ಜೂನಿಯರ್ ಕೆಲಸವೆಂದು ಅದನ್ನು ತುಂಬಿದವಳು ನಾನೇ.