ಸುಣ್ಣ ಮುಚ್ಚಿದ ನೀರಿನ ಗೆರೆ

ನನ್ನ ಮೊಮ್ಮಗಳಿಗೆ ನಾಲ್ಕು ಹಲ್ಲು ಬಂದಿವೆ. ಇದನ್ನು ಮೊದಲು ಹೇಳಿಬಿಟ್ಟರೆ ಮಿಕ್ಕದ್ದನ್ನು ಸಮಾಧಾನವಾಗಿ ಹೇಳಬಲ್ಲೆ.

ನಾನು ದೇವನಹಳ್ಳಿಗೂ ಆವತಿಗೂ ನಡುವೆ ರೈಲ್ವೆ ಗೇಟು ಕಾಯುವವನು. ಗೇಟಿನ ಪಕ್ಕ ಒಂದೇ ಕೋಣೆಯ ಮನೆ, ಮುಂದೆ ಗಾಡಿದಾರಿ, ಹಿಂದೆ ಕೆರೆ. ಊರು ಕಣ್ಣಿಗೆ ಕಾಣುವುದಿಲ್ಲ. ಹೆಂಡತಿ ತೀರಿಕೊಂಡು, ಒಬ್ಬಳೇ ಮಗಳನ್ನು ಚಿಕ್ಕಬಳ್ಳಾಪುರದ ಕಡೆಗೆ ಕೊಟ್ಟ ಮೇಲೆ ನನ್ನ ಮಾತೆಲ್ಲ ಗೇಟು ತೆಗೆಯೆಂದು ಕೂಗುವ ಗಾಡಿಯವರ ಜೊತೆ ಮಾತ್ರ. ಅವರೂ ನಿಲ್ಲುವವರಲ್ಲ, ಸಂತೆಗೆ ಹೊತ್ತಾಗಿರುತ್ತದೆ. ಕೆಲವು ದಿನ ಸಂಜೆ ಒಲೆಯ ಮುಂದೆ ಕೂತು ಒಂದು ಸಲ ಕೆಮ್ಮಿ, ದನಿ ಇನ್ನೂ ಇದೆಯೋ ಇಲ್ಲವೋ ನೋಡಿಕೊಳ್ಳುತ್ತಿದ್ದೆ.

ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಹೆಂಗಸಿಲ್ಲದ ಗೇಟುಮನೆಗೆ ಬಸುರಿಯನ್ನು ಹೇಗೆ ಕರೆತರಲಿ? ಕೂಸು ಅಲ್ಲೇ ಹುಟ್ಟಿತು. ಗೇಟು ಬಿಟ್ಟು ನಾನು ಹೋಗುವಂತಿಲ್ಲ. ಬದಲಿ ಆಳು ಕೇಳಿದರೆ ಇಲ್ಲ ಅಂದರು. ಮೂರನೆಯ ತಿಂಗಳಲ್ಲಿ ಮಗಳು ಅತ್ತೆಯ ಜೊತೆ ಬೆಂಗಳೂರಿಗೆ ಹೋಗುವಾಗ ರೈಲಿನ ಕಿಟಕಿಯಲ್ಲಿ ಕೂಸನ್ನು ಎತ್ತಿ ತೋರಿಸಿದಳು. ನಮ್ಮದು ಸಣ್ಣ ರೈಲು, ನಿಧಾನ. ಆದರೂ ನನಗೆ ಕಂಡದ್ದು ಒಂದು ಕೆಂಪು ಕುಲಾವಿ, ಅಷ್ಟೇ. ಆವತಿಯಲ್ಲಿ ಇಳಿದರೆ ಎಳೆಗೂಸನ್ನು ಹೊತ್ತು ಹರದಾರಿ ನಡೆಯಬೇಕೆಂದು ಅತ್ತೆ ಅವಳನ್ನು ಬಿಡುತ್ತಿರಲಿಲ್ಲ.

ಯುದ್ಧ ಮುಗಿದಿತ್ತು. ಲೈನಿನಲ್ಲಿ ಅಲ್ಲಿಯವರೆಗೆ ನಿಂತಿದ್ದ ರಿಪೇರಿ, ಹೊಸ ಕೆಲಸ ಶುರುವಾಗಿದ್ದವು. ನಮ್ಮ ಕಡೆ ಒಂದು ಹಾಲ್ಟು, ರೈಲು ಗಳಿಗೆ ಹೊತ್ತು ನಿಲ್ಲುವ ಸಣ್ಣ ನಿಲ್ದಾಣ, ಮಾಡುತ್ತಾರೆಂದು ಸುದ್ದಿ ಬಂತು. ನೋಡಿದ್ದ ಜಾಗ ಎರಡು: ಒಂದು ನನ್ನ ಗೇಟು, ಇನ್ನೊಂದು ಆವತಿ ಕಡೆಗೆ ಅರ್ಧ ಮೈಲಿ ಆಚೆಯ ದಿನ್ನೆ. ಗೇಟಿನಲ್ಲೇ ಆದರೆ ಮಗಳು ನನ್ನ ಬಾಗಿಲ ಮುಂದೆ ಇಳಿಯುತ್ತಾಳೆ. ದಿನಾ ಜನ ಬಂದು ಕೂರುತ್ತಾರೆ, ನೀರು ಕೇಳುತ್ತಾರೆ, ಎಲೆಅಡಿಕೆ ಕೇಳುತ್ತಾರೆ. ಆ ಖುಷಿಯಲ್ಲಿ ಸುಣ್ಣ ತಂದು ಗೋಡೆಗೆ ಒಳಗೂ ಹೊರಗೂ ಮೂರು ಸಲ ಬಳಿದೆ. ಕೂಸು ಬರುವ ಮನೆಯಲ್ಲವೇ.

ಜಾಗ ಗೊತ್ತುಮಾಡಲು ರೈಲ್ವೆಯ ಓವರ್‌ಸೀಯರ್ ಹಳಿಯ ಮೇಲೆ ತಳ್ಳುವ ಟ್ರಾಲಿಯಲ್ಲಿ ಬಂದರು. ಅಳೆದರು, ಗೂಟ ಹೊಡೆಸಿದರು. ಆಮೇಲೆ ನನ್ನ ಗೋಡೆಯ ಮುಂದೆ ನಿಂತು ಹುಡುಕತೊಡಗಿದರು.

"ಇಲ್ಲೊಂದು ಕೆಮ್ಮಣ್ಣಿನ ಗೆರೆ ಇತ್ತಲ್ಲಪ್ಪಾ?"

ಕೆರೆ ಕೋಡಿ ಬಿದ್ದ ವರ್ಷ ನೀರು ಎಲ್ಲಿಯವರೆಗೆ ಏರಿತ್ತೆಂದು ನನಗಿಂತ ಹಿಂದಿದ್ದ ಗೇಟಿನವನು ಎಳೆದಿದ್ದ ಗೆರೆ ಅದು. ಪ್ಲಾಟ್‌ಫಾರಂ ಎಲ್ಲಿ, ಎಷ್ಟು ಎತ್ತರ ಎಂದು ಅವರು ಗೊತ್ತುಮಾಡುವುದು ಇಂಥ ಗುರುತು ನೋಡಿಯೇ.

"ಸುಣ್ಣ ಹೊಡ್ದ್‌ಬಿಟ್ಟೆ ಸ್ವಾಮಿ. ಮೊಮ್ಮಗು ಬತ್ತದೆ ಅಂತ."

ಟ್ರಾಲಿ ತಳ್ಳುವವನು ನಕ್ಕ. "ತಾತ ಕೆರೆಗೇ ಸುಣ್ಣ ಹೊಡ್ದವ್ನೆ."

ಓವರ್‌ಸೀಯರ್ ನಗಲಿಲ್ಲ. ಗೆರೆ ಎಷ್ಟು ಎತ್ತರದಲ್ಲಿತ್ತೋ ನೀನೇ ತೋರಿಸು, ಬರೆದುಕೊಳ್ಳುತ್ತೇನೆ ಅಂದರು. ಗೆರೆ ನನ್ನ ಸೊಂಟಕ್ಕಿತ್ತು. ನನ್ನ ಕೈ ಮೊಣಕಾಲಿನ ಹತ್ತಿರ ಹೋಗಿ ನಿಂತಿತು. ಅವರು ಬರೆದುಕೊಂಡು, ಸ್ವಲ್ಪ ಮಣ್ಣು ಏರಿಸಿದರೆ ಇಲ್ಲೇ ಆಗುತ್ತದೆ ಎಂದು ಹೇಳಿ ದೇವನಹಳ್ಳಿಯ ಕಡೆಗೆ ಹೋದರು.

ಮಧ್ಯಾಹ್ನ ಮುದ್ದೆ ಮುಂದಿಟ್ಟುಕೊಂಡು ಕೂತೆ. ಈ ಹಾಲ್ಟಿನಲ್ಲಿ ಇಳಿಯುವವರನ್ನು ಒಬ್ಬೊಬ್ಬರಾಗಿ ಕಣ್ಣ ಮುಂದೆ ತಂದುಕೊಂಡೆ. ಮೊದಲು ಇಳಿದವಳು ನನ್ನ ಮಗಳೇ. ಸುರಿಯುವ ಮಳೆ, ಸುತ್ತ ಕೆಂಪು ನೀರು, ಕಂಕುಳಲ್ಲಿ ಆ ಕುಲಾವಿ.

ಸಂಜೆ ಟ್ರಾಲಿ ವಾಪಸು ಬಂದಾಗ ಹಳಿಯ ನಡುವೆ ನಿಂತು ಕೆಂಪು ಬಾವುಟ ಹಿಡಿದೆ. ಓವರ್‌ಸೀಯರ್ ಗಾಬರಿಯಿಂದ ಇಳಿದು, ಹಳಿ ಮುರಿದಿದೆಯಾ ಎಂದು ಕೇಳಿದರು.

"ಹಳಿ ಸರಿಯಾಗೈತೆ ಸ್ವಾಮಿ. ನಾನೇ ಸುಳ್ಳು ಹೇಳ್ದೆ. ನೀರು ಇಲ್ಲೀಗಂಟ ಬಂದಿತ್ತು" ಎಂದು ಸೊಂಟ ಮುಟ್ಟಿ ತೋರಿಸಿದೆ.

ಅವರು ನನ್ನನ್ನೇ ನೋಡಿದರು. "ಹಂಗಾದ್ರೆ ಹಾಲ್ಟು ದಿನ್ನೆಗೆ ಹೋಗ್ತದೆ, ಗೊತ್ತೇನಪ್ಪಾ?"

"ಗೊತ್ತು."

ಗೂಟಗಳನ್ನು ಕಿತ್ತು ಟ್ರಾಲಿಗೆ ಹಾಕಿಕೊಂಡು ಹೋದರು. ನಾಲ್ಕು ಕುಳಿಗಳನ್ನು ನಾನೇ ಮುಚ್ಚಿದೆ.

ಹಾಲ್ಟು ತೆರೆದ ವಾರದಲ್ಲೇ ಮಗಳು ಬಂದಳು. ದಿನ್ನೆಯಲ್ಲಿ ರೈಲು ನಿಂತದ್ದು ಕಂಡಿತು, ಒಂದು ಹಳದಿ ಸೀರೆ ಇಳಿದದ್ದೂ ಕಂಡಿತು. ಓಡುವಂತಿಲ್ಲ, ಗೇಟು ಹಾಕಿದೆ, ರೈಲು ಬರುತ್ತಿದೆ. ಹಸಿರು ಬಾವುಟ ಹಿಡಿದು ನಿಂತೆ. ಕೊನೆಯ ಡಬ್ಬಿ ಸರಿದ ಮೇಲೆ, ಹಳಿಯ ಪಕ್ಕದಲ್ಲಿ ಅವಳು ನಗುತ್ತ ಬರುತ್ತಿದ್ದಳು. ಹತ್ತಿರ ಬಂದದ್ದೇ ತಡ, ಕೂಸು ಬಾವುಟ ಎಳೆದುಕೊಂಡು ಬಾಯಿಗಿಟ್ಟಿತು. ಅದರ ಬಾಯಿ ನೋಡಿದೆ: ಮೇಲೆ ಎರಡು, ಕೆಳಗೆ ಎರಡು!

ಗೆರೆಯನ್ನು ಮತ್ತೆ ಎಳೆದಿದ್ದೆ. ಮೊಮ್ಮಗಳನ್ನು ಗೋಡೆಗೆ ಆನಿಸಿ ಹಿಡಿದೆ. ತಲೆ ಗೆರೆಗಿಂತ ಎಷ್ಟೋ ಕೆಳಗೆ.

ಮೂರು ದಿನ ಇದ್ದು ಹೋದರು. ದಿನ್ನೆಯವರೆಗೆ ಕಳಿಸಿಕೊಡಲು ಗೇಟು ಬಿಡಲಿಲ್ಲ. ರೈಲಿಗೆ ಹಸಿರು ತೋರಿಸಿ ನೋಡುತ್ತ ನಿಂತೆ. ಅದು ಅಲ್ಲಿ ನಿಂತು, ಹೊರಟಿತು. ದಿನ್ನೆ ಬರಿದಾಯಿತು. ಬಾವುಟ ಸುತ್ತಿಡುವಾಗ, ಹೊರಡುವ ಮುಂಚೆ ಕೂಸು ಮತ್ತೆ ಚೀಪಿದ್ದ ಅದರ ಒಂದು ಮೂಲೆ ಇನ್ನೂ ಒದ್ದೆಯಾಗಿತ್ತು.