ಹದಿನೇಳನೆಯ ತೂತು

ನಮ್ಮ ಮನೆಯಲ್ಲಿ ಹೆಣಿಗೆಯ ಕಡ್ಡಿಗಳು ಯಾವಾಗಲೂ ಜೋಡಿಯಾಗಿಯೇ ಇರುತ್ತಿದ್ದವು. ಒಂದು ಕಳೆದರೆ ಇನ್ನೊಂದಕ್ಕೆ ಬೆಲೆಯಿಲ್ಲವೆಂದು ಅವ್ವ ಎರಡನ್ನೂ ಉಲ್ಲನ್ ಉಂಡೆಗೆ ಚುಚ್ಚಿ ಕಪಾಟಿನ ಮೇಲಿನ ಖಾನೆಯಲ್ಲಿಡುತ್ತಿದ್ದಳು. ಬೆಳಗಾವಿಯ ಚಳಿ ನಿಮಗೆ ಗೊತ್ತಿದ್ದರೆ, ದೀಪಾವಳಿಗೆ ಮುಂಚೆ ಸ್ವೆಟರಿನ ತೋಳು ಮುಗಿಸಬೇಕೆಂಬ ಅವಳ ಅವಸರವೂ ಅರ್ಥವಾದೀತು. ಅಂಥ ಜೋಡಿಯಲ್ಲಿ ಒಂದನ್ನು ನಾನು ಹೇಳದೆ ಕೇಳದೆ ಎತ್ತಿಕೊಂಡು ಸರಕಾರಿ ಕಚೇರಿಗೆ ಒಯ್ದೆನೆಂದರೆ ನೀವು ನಗಬಹುದು. ನಗಿರಿ, ಅಡ್ಡಿಯಿಲ್ಲ; ಅವ್ವ ಮಾತ್ರ ನಗಲಿಲ್ಲ, ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಿದ್ದಳು.

ಎಪ್ಪತ್ತರ ದಶಕದ ನಡುವಿನ ಮಾತಿದು. ಕೆಲಸ ಬೇಕಾದವರು ಹೆಸರು ನೋಂದಾಯಿಸುವ ಕಚೇರಿಯೊಂದರಲ್ಲಿ ನಾನು ಹೊಸದಾಗಿ ಕಾರಕೂನಳಾಗಿ ಸೇರಿದ್ದೆ. ಕಚೇರಿಯ ಹೆಸರು ಬೇಡ. ಮುಂದೆ ಹೇಳಲಿರುವ ತಪ್ಪು ನನ್ನದು, ಅದರದ್ದಲ್ಲ. ನಾನು ಸೇರಿದ ವರ್ಷವೇ ಅಲ್ಲಿಗೆ ಮಾಹಿತಿ ಹುಡುಕುವ ಹೊಸ ವಿಧಾನವೊಂದು ಬಂತು. ವಿದ್ಯುತ್ತಿಲ್ಲ, ತಂತಿಯಿಲ್ಲ, ಗುಂಡಿಯಿಲ್ಲ. ದಪ್ಪ ಕಾಗದದ ಕಾರ್ಡುಗಳು, ಅವುಗಳ ಅಂಚಿನುದ್ದಕ್ಕೂ ಸಾಲು ಸಾಲಾಗಿ ತೂತುಗಳು. ಒಂದೊಂದು ತೂತಿಗೂ ಒಂದೊಂದು ಅರ್ಥ: ಇದು ಮೆಟ್ರಿಕ್, ಇದು ಟೈಪಿಂಗ್, ಇದು ಹೊಲಿಗೆ. ಆ ಅರ್ಹತೆ ಇರುವವರ ಕಾರ್ಡಿನಲ್ಲಿ ಆ ತೂತನ್ನು ಅಂಚಿನವರೆಗೆ ಕತ್ತರಿಸಿ ತೆರೆಯಬೇಕು; ಇಲ್ಲದವರದನ್ನು ಹಾಗೆಯೇ ಬಿಡಬೇಕು. ಟೈಪಿಂಗ್ ಬಲ್ಲವರು ಬೇಕೆಂದು ಯಾವುದಾದರೂ ಇಲಾಖೆ ಬರೆದರೆ, ಕಾರ್ಡುಗಳ ಕಟ್ಟನ್ನು ಸಮ ಹಿಡಿದು, ಟೈಪಿಂಗಿನ ತೂತಿನಲ್ಲಿ ಉದ್ದನೆಯ ಉಕ್ಕಿನ ಕಡ್ಡಿ ತೂರಿಸಿ, ಮೇಲೆತ್ತಿ ಅಲುಗಿಸಿದರೆ ಸಾಕು. ತೆರೆದ ತೂತಿನವರು ಪಟಪಟನೆ ಮೇಜಿನ ಮೇಲೆ ಬೀಳುತ್ತಿದ್ದರು, ಉಳಿದವರು ಕಡ್ಡಿಗೆ ಜೋತುಕೊಂಡೇ ಇರುತ್ತಿದ್ದರು. ಬಿದ್ದವರ ಭಾಗ್ಯ ತೆರೆಯುತ್ತಿದ್ದ ಜಾಗ ಅದು. ಕಚೇರಿಗೆ ಕೊಟ್ಟ ಕಡ್ಡಿ ಆರು ತಿಂಗಳಲ್ಲಿ ಸೊಟ್ಟಗಾಯಿತು. ಹೊಸದಕ್ಕೆ ಬರೆದ ಪತ್ರಕ್ಕೆ ಉತ್ತರ ಬರುವ ತನಕ ಅವ್ವನ ಕಡ್ಡಿಯೇ ಸರಕಾರದ ಸೇವೆ ಮಾಡಿತು.

ನಮ್ಮ ವಿಭಾಗದ ಹಿರಿಯರು ನದಾಫ್ ಸಾಹೇಬರು. ಮನೆಯಲ್ಲಿ ದಖನಿ ಉರ್ದು, ಕಚೇರಿಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮೂರನ್ನೂ ಒಂದೇ ಸಲಿಗೆಯಿಂದ ಆಡುವವರು. ಕಾರ್ಡು ಬರುವ ಮುಂಚೆ, ದಪ್ಪ ರಜಿಸ್ಟರುಗಳಲ್ಲಿ ಹೆಸರು ಹುಡುಕುತ್ತಿದ್ದ ಕಾಲದಲ್ಲಿ, ಅವರ ನೆನಪಿನ ಶಕ್ತಿಯೇ ಕಚೇರಿಯ ಆಸ್ತಿಯಾಗಿತ್ತು. ಹೊಸ ಪದ್ಧತಿ ಬಂದು ತಮ್ಮ ಹಿರಿಮೆ ಹೋಯಿತೆಂದು ಅವರು ಮುನಿಸಿಕೊಂಡಾರೆಂದು ನಾವೆಲ್ಲ ಎಣಿಸಿದ್ದೆವು. ಹಾಗಾಗಲಿಲ್ಲ.

"ರಜಿಸ್ಟರ್ ಇದ್ದಾಗ ಯಾರ ಮುಖಾ ನನಗ ನೆನಪಿರತಿತ್ತೋ ಅವರ ಹೆಸರು ಹೋಗತಿತ್ತವ್ವಾ," ಎಂದು ಒಮ್ಮೆ ಚಹಾ ಕುಡಿಯುತ್ತ ಹೇಳಿದರು. "ನೆನಪಿರದವರು ಮನಿಯಾಗ ಕುಂತಿರತಿದ್ರು. ಈ ಕಡ್ಡಿಗೆ ಯಾರ ಮುಖಾನೂ ಗೊತ್ತಿಲ್ಲ. ಅದಕ್ಕ ಇದು ಚಲೋ."

ಆ ಮಾತು ನನ್ನ ಮನಸ್ಸಿಗೆ ಹಿಡಿಸಿತು. ಎಲ್ಲರೂ ಸಮಾನರೆಂಬುದನ್ನು ದಿನದ ಊಟದೊಂದಿಗೆ ಉಂಡು ಬೆಳೆದ ಶರಣರ ಮನೆತನ ನಮ್ಮದು. ಶಿವಬಸವ ನಗರದ ನಮ್ಮ ಓಣಿಯಲ್ಲಿ ಅದನ್ನು ಆಡದವರಿರಲಿಲ್ಲ, ಆಡಿದಂತೆ ನಡೆಯುವವರು ಎಷ್ಟು ಮಂದಿಯೋ ಎಣಿಸಲು ನಾನು ಹೋಗಿರಲಿಲ್ಲ. ಇಲ್ಲಿ ನೋಡಿದರೆ ಕಡ್ಡಿಯೊಂದು ಕುಲ ಕೇಳದೆ, ಊರು ಕೇಳದೆ, ವಶೀಲಿಗೆ ಬಗ್ಗದೆ ಆ ಕೆಲಸ ಮಾಡುತ್ತಿತ್ತು. ನಿಷ್ಪಕ್ಷಪಾತವೆಂಬ ಭಾರವಾದ ಶಬ್ದಕ್ಕೆ ಇಷ್ಟು ಹಗುರವಾದ ಉಪಕರಣ ಸಾಕೆಂದು ನನಗೆ ಹೆಮ್ಮೆಯೆನಿಸುತ್ತಿತ್ತು. ಆದರೆ ಗೆಳೆಯರೆ, ತೂತು ಕತ್ತರಿಸುವ ಇಕ್ಕಳ ಇದ್ದದ್ದು ನನ್ನ ಕೈಯಲ್ಲಿ. ಕಡ್ಡಿಗೆ ಮುಖ ಗೊತ್ತಿರಲಿಲ್ಲ, ನಿಜ; ನನ್ನ ಕೈಗೆ ಏನೇನು ಗೊತ್ತಿತ್ತೆಂದು ಯಾರೂ ವಿಚಾರಿಸಲಿಲ್ಲ, ನಾನಂತೂ ವಿಚಾರಿಸಲೇ ಇಲ್ಲ.

ಹದಿನೇಳನೆಯ ತೂತು ಕನ್ನಡದ್ದು. ಕನ್ನಡ ಓದಲು ಬರೆಯಲು ಬರುವವರಿಗೆ ಅದನ್ನು ತೆರೆಯಬೇಕು. ಸರಕಾರಿ ಕೆಲಸದ ಪತ್ರಗಳಲ್ಲಿ ಹೆಚ್ಚಿನವು ಮೊದಲು ಕೇಳುತ್ತಿದ್ದುದೇ ಅದನ್ನು, ಹಾಗಾಗಿ ನಮ್ಮ ಮೊದಲ ಅಲುಗಾಟವೂ ಅಲ್ಲಿಯೇ. ಒಂದು ಬೇಸಿಗೆಯಲ್ಲಿ ಖಾನಾಪುರ ತಾಲೂಕಿನ ಅರ್ಜಿಗಳ ಗಂಟು ಬಂತು. ಬಹಳಷ್ಟು ಅರ್ಜಿಗಳು ಮರಾಠಿಯಲ್ಲಿ ತುಂಬಿದವು. ಶಾಲೆ ಬಿಟ್ಟ ದಾಖಲೆಗಳೂ ಮರಾಠಿ ಶಾಲೆಯವು. ಅವಸರವಿತ್ತು. ಶಾಲೆಯ ಹೆಸರು ನೋಡಿದರೆ ಭಾಷೆ ತಿಳಿದ ಹಾಗೆಯೇ ಎಂದು ನಾನೇ ಒಂದು ಸುಲಭೋಪಾಯ ಕಂಡುಕೊಂಡೆ. ಮರಾಠಿ ಶಾಲೆಯವರನ್ನೆಲ್ಲ ಒಂದು ಕಡೆ ಒಟ್ಟಿ, ಅರ್ಜಿಯ ಭಾಷೆಗಳ ಸಾಲನ್ನು ಓದುವ ಗೋಜಿಗೆ ಹೋಗದೆ, ಹದಿನೇಳನ್ನು ಮುಟ್ಟದೆ ಮುಂದೆ ಸಾಗಿದೆ. ಸಂಜೆಯೊಳಗೆ ಗಂಟು ಮುಗಿಯಿತು, ಮೇಲಧಿಕಾರಿಗಳು ಶಹಬ್ಬಾಸ್ ಎಂದರು.

ಆ ಗಂಟಿನಲ್ಲಿ ಒಂದು ಅರ್ಜಿ ಶಾಲಿನಿ ಗಾವಡೆಯದು. ಖಾನಾಪುರದವಳು, ಮೆಟ್ರಿಕ್ ಆದವಳು, ಟೈಪಿಂಗ್ ಪರೀಕ್ಷೆ ಪಾಸಾದವಳು. ವರ್ಷಕ್ಕೊಮ್ಮೆ ಬಂದು ನೋಂದಣಿಯನ್ನು ನವೀಕರಿಸದಿದ್ದರೆ ಕಾರ್ಡು ರದ್ದಾಗುತ್ತಿತ್ತು. ಅದಕ್ಕಾಗಿ ಆಕೆ ತಪ್ಪದೆ ಬರುತ್ತಿದ್ದಳು. ನನಗಿಂತ ಎರಡು ಮೂರು ವರ್ಷ ಚಿಕ್ಕವಳು, ನನ್ನನ್ನು ಅಕ್ಕಾರ ಎನ್ನುತ್ತಿದ್ದಳು. ಬರುವಾಗ ಚೀಲದಲ್ಲಿ ತಮ್ಮ ಹೊಲದ ಗೆಣಸು ತಂದು, ಬೇಡವೆಂದರೂ ಕೇಳದೆ ಮೇಜಿನ ಕೆಳಗೆ ಇಟ್ಟು ಹೋಗುತ್ತಿದ್ದಳು.

"ಏನಾರ ಬಂತೇನ್ರಿ, ಅಕ್ಕಾರ?"

"ಇನ್ನೂ ಇಲ್ಲ ಶಾಲಿನಿ. ಬಂದ್ರ ಪತ್ರಾ ಹಾಕ್ತೀವಿ."

"ಇರ್ಲಿ ಬಿಡ್ರಿ. ಮುಂದಿನ ವರ್ಷ ನೋಡೂಣು."

ಅಷ್ಟಕ್ಕೇ ಮಾತು ಮುಗಿಯುತ್ತಿರಲಿಲ್ಲ. ತನ್ನ ತಾಯಿಯ ತವರು ಬೈಲಹೊಂಗಲದ ಕಡೆಯೆಂದೂ, ಮನೆಯಲ್ಲಿ ತಂದೆಯೊಂದಿಗೆ ಮರಾಠಿ, ತಾಯಿಯೊಂದಿಗೆ ಕನ್ನಡವೆಂದೂ, ತಾಯಿಯೇ ಪಾಟಿಯ ಮೇಲೆ ಕನ್ನಡದ ಅಕ್ಷರ ತಿದ್ದಿಸಿದಳೆಂದೂ ಆಕೆಯೇ ನನಗೆ ಹೇಳಿದ್ದಳು. ನಾನು ಕೇಳಿಸಿಕೊಂಡಿದ್ದೆ. ನನ್ನ ಬೆನ್ನ ಹಿಂದೆ ನಾಲ್ಕು ಹೆಜ್ಜೆಯಲ್ಲಿದ್ದ ಕಪಾಟಿನೊಳಗೆ ಆಕೆಯ ಕಾರ್ಡು, ಈಕೆಗೆ ಕನ್ನಡ ಬಾರದೆಂದು ಸಾರುತ್ತ ನಿಂತಿತ್ತು. ಕಿವಿ ಕೇಳಿದ್ದು ಕೈಗೆ ತಲುಪಲು ನಾಲ್ಕು ಹೆಜ್ಜೆ ದೂರವಾಯಿತೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಕಚೇರಿಯ ಕೆಲಸ ಮಾಡಿದವರಿಗೆ ಇದು ಆಶ್ಚರ್ಯವೆನಿಸಲಾರದು. ಎದುರಿಗೆ ನಿಂತ ಮನುಷ್ಯ ಬೇರೆ, ಕಪಾಟಿನಲ್ಲಿರುವ ಮನುಷ್ಯ ಬೇರೆ ಎಂದು ನಮಗೆ ಯಾರೂ ಕಲಿಸಿರುವುದಿಲ್ಲ, ನಾವೇ ಕಲಿತುಬಿಡುತ್ತೇವೆ.

ವರ್ಷಗಳು ಸರಿದವು. ಶಾಲಿನಿ ಬೆಳಗಾವಿಯ ಪಕ್ಕದ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಬೋಲ್ಟುಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸ ಹಿಡಿದಳು. ನವೀಕರಣಕ್ಕೆ ಬಂದಾಗ ನಾವು ತುಂಬಿ ಕೊಡುವ ನೋಂದಣಿ ಚೀಟಿಯ ಅಂಚಿಗೆ ಆಕೆಯ ಬೆರಳಿನ ಎಣ್ಣೆ ಹತ್ತುತ್ತಿತ್ತು. ಟೈಪಿಂಗ್ ಮರೆತುಹೋಗಬಾರದೆಂದು ಊಟದ ಬಿಡುವಿನಲ್ಲಿ ಖಾಲಿ ಪೆಟ್ಟಿಗೆಯ ಮೇಲೆ ಬೆರಳು ಆಡಿಸುತ್ತೇನೆಂದು ಒಮ್ಮೆ ನಕ್ಕು ಹೇಳಿದ್ದಳು. ಅವಳಿಗಿಂತ ಕಡಿಮೆ ಅರ್ಹತೆಯವರು ಕೆಲಸಕ್ಕೆ ಸೇರಿದ್ದನ್ನು ನಾನು ಕಂಡಿದ್ದೆ. ಅದೃಷ್ಟವಿಲ್ಲ ಪಾಪ ಎಂದುಕೊಂಡಿದ್ದೆ. ನಮ್ಮ ತಪ್ಪಿಗೆ ನಾವಿಡುವ ಹೆಸರುಗಳಲ್ಲಿ ಅದೃಷ್ಟ ಎಂಬುದು ಬಹಳ ಅನುಕೂಲದ್ದು.

ಎಂಬತ್ತರ ದಶಕದ ನಡುವೆ ಕಂಪ್ಯೂಟರಿನ ಸುದ್ದಿ ಬಂತು. ಕಾರ್ಡುಗಳಲ್ಲಿರುವುದನ್ನೆಲ್ಲ ಚೌಕಗಳಿರುವ ಹಾಳೆಗಳಿಗೆ ಅಂಕಿಗಳಾಗಿ ಇಳಿಸಿ ಕಳಿಸಬೇಕು, ಮುಂದೆ ಯಂತ್ರವೇ ಹುಡುಕುತ್ತದೆ ಎಂದರು. ನೌಕರಿಗೆ ಕುತ್ತು ಬಂತೆಂದು ಕೆಲವರು ಹೆದರಿದರು, ಯಂತ್ರ ತಪ್ಪು ಮಾಡಿದರೆ ಕೇಳುವವರಾರೆಂದು ಕೆಲವರು ವಾದಿಸಿದರು. ಯಂತ್ರ ತಪ್ಪೇ ಮಾಡದೆ, ನಾವು ಕೊಟ್ಟ ತಪ್ಪನ್ನೇ ಅಕ್ಷರಶಃ ಕಾಪಾಡಿಕೊಂಡು ಬಂದರೆ ಏನು ಗತಿಯೆಂದು ನಾವ್ಯಾರೂ ಕೇಳಲಿಲ್ಲ.

ಹಾಳೆ ತುಂಬುತ್ತಿದ್ದಾಗ ಶಾಲಿನಿಯ ಕಾರ್ಡು ಕೈಗೆ ಬಂತು. ಅದರ ಮೇಲಿನ ಟೈಪಿಂಗ್ ಪರೀಕ್ಷೆಯ ಕ್ರಮಾಂಕದ ಶಾಯಿ ಮಾಸಿತ್ತು. ಅಷ್ಟಕ್ಕಾಗಿ ಮಾತ್ರ ಹಳೆಯ ಗಂಟು ಬಿಚ್ಚಿಸಿ ಮೂಲ ಅರ್ಜಿ ತೆಗೆದೆ. ಭಾಷೆಗಳ ಸಾಲಿನಲ್ಲಿ, ದುಂಡನೆಯ ದೇವನಾಗರಿ ಅಕ್ಷರಗಳಲ್ಲಿ, ಮರಾಠಿಯ ಪಕ್ಕದಲ್ಲಿ ಕನ್ನಡವೆಂದು ಬರೆದಿತ್ತು. ಓದಲು, ಬರೆಯಲು, ಮಾತನಾಡಲು ಎಂಬ ಮೂರಕ್ಕೂ ಗುರುತು ಹಾಕಿತ್ತು. ಕಾರ್ಡಿನ ಹದಿನೇಳನೆಯ ತೂತು ಮುಟ್ಟಿದವರಿಲ್ಲದೆ ಗುಂಡಗೆ ಉಳಿದಿತ್ತು. ಕಾರ್ಡಿನ ಮೂಲೆಯಲ್ಲಿದ್ದ ಸಹಿ ನನ್ನದು. ಸರಕಾರಿ ಕೆಲಸಕ್ಕಿರುವ ವಯಸ್ಸಿನ ಮಿತಿ ಲೆಕ್ಕ ಹಾಕಿದೆ, ಆಕೆಗೆ ಉಳಿದಿದ್ದುದು ನಾಲ್ಕು ತಿಂಗಳು.

ನದಾಫ್ ಸಾಹೇಬರಿಗೆ ಎರಡನ್ನೂ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಹಾಳಿ ಮ್ಯಾಲೆ ತಿದ್ದಿ ಕಳಸಿದ್ರ ಮುಗೀತು. ಯಾರಿಗೂ ಗೊತ್ತಾಗೂದಿಲ್ಲ," ಎಂದರು. ಕಾರ್ಡನ್ನು ನನ್ನ ಕೈಗೆ ಮರಳಿಸುತ್ತ, "ಆದ್ರ ಆ ಹುಡುಗಿಗೆ ಹೇಳಬೇಕವ್ವಾ. ಹತ್ತ ವರ್ಷ ತನ್ನ ನಸೀಬಕ್ಕ ಬೈಕೊಂಡಿರತಾಳ," ಎಂದರು.

ಅಂದೇ ಆಕೆಗೊಂದು ಅಂಚೆ ಕಾರ್ಡು ಬರೆದೆ: ಕೂಡಲೇ ಬಂದು ಕಾಣಿರಿ. ಇನ್ನೇನು ಬರೆಯಬೇಕೆಂದು ತಿಳಿಯಲಿಲ್ಲ. ಅದನ್ನು ಆಕೆ ಹೇಗೆ ಓದಿಕೊಂಡಾಳೆಂದು ಯೋಚಿಸದಿದ್ದುದು ನನ್ನ ಎರಡನೆಯ ತಪ್ಪು. ಮೂರನೆಯ ದಿನ ಆಕೆ ಬಂದಳು. ಕಾರ್ಖಾನೆಗೆ ರಜೆ ಹಾಕಿ, ಹಬ್ಬದ ಸೀರೆಯುಟ್ಟು, ತಲೆಗೆ ಹೂ ಮುಡಿದು, ಸರ್ಟಿಫಿಕೇಟುಗಳನ್ನೆಲ್ಲ ಒಂದು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಬಂದಿದ್ದಳು.

"ಯಾವ ಆಫೀಸಿನಾಗ್ರಿ, ಅಕ್ಕಾರ?"

"ಕುಂದರು ಶಾಲಿನಿ," ಎಂದೆ. ಹೇಳಿದೆ. ಏನನ್ನೂ ಬಚ್ಚಿಡದೆ, ಕಾರ್ಡನ್ನೂ ಅರ್ಜಿಯನ್ನೂ ಎದುರಿಗಿಟ್ಟು ಹೇಳಿದೆ. ಆಕೆ ಆ ತೂತಿನ ಮೇಲೆ ಬೆರಳಿಟ್ಟು ನೋಡಿದಳು.

"ಒಮ್ಮಿನೂ ಬೀಳಲಿಲ್ಲೇನ್ರಿ ಇದು?"

"ಇಲ್ಲ."

"ನಾ ಬರದಿದ್ನಲ್ಲರಿ."

"ಬರದಿದ್ದಿ. ನಾ ಓದಲಿಲ್ಲ. ನಂದ ತಪ್ಪು."

ಆಕೆ ಕಾರ್ಡನ್ನೂ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕೊನೆಗೆ, ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನುವವರ ದನಿಯಲ್ಲಿ ಕೇಳಿದಳು: "ಇಷ್ಟ ವರ್ಷ ನಾವಿಬ್ಬರೂ ಯಾವ ಭಾಷಾದಾಗ ಮಾತಾಡೀವ್ರಿ, ಅಕ್ಕಾರ?"



ಉಳಿದ ನಾಲ್ಕು ತಿಂಗಳಲ್ಲಿ ಆಕೆಗೆ ಹೊಂದುವ ಕೆಲಸದ ಪತ್ರ ಒಂದೇ ಬಂತು. ಆಕೆಯ ಹೆಸರು ಕಳಿಸಿದೆವು, ಸಂದರ್ಶನಕ್ಕೆ ಹೋಗಿಬಂದಳು, ಆಯ್ಕೆಯಾದದ್ದು ಬೇರೆಯವರು. ವಯಸ್ಸು ಮೀರಿತು. ನಾನು ಆ ಬೇಸಿಗೆಯ ಗಂಟನ್ನು ಪೂರ್ತಿ ಬಿಚ್ಚಿ, ಒಂದೊಂದು ಅರ್ಜಿಯನ್ನೂ ಓದಿ, ಹಾಳೆಗಳನ್ನು ತಿದ್ದಿದೆ. ಅಂಥ ಕಾರ್ಡುಗಳು ಎಷ್ಟು ಸಿಕ್ಕವೆಂದು ಇಲ್ಲಿ ಬರೆಯಲು ನನಗೆ ನಾಚಿಕೆಯಾಗುತ್ತದೆ. ನನಗೆ ಶಿಕ್ಷೆಯೇನೂ ಆಗಲಿಲ್ಲ. ಬರವಣಿಗೆಯಲ್ಲಿ ಎಲ್ಲವನ್ನೂ ಒಪ್ಪಿಕೊಂಡಿದ್ದ ನನ್ನ ಪತ್ರದ ಮೇಲೆ 'ನೋಡಲಾಯಿತು' ಎಂದು ಬರೆದು ಫೈಲಿಗೆ ಸೇರಿಸಿದರು.

ಮರುವರ್ಷ, ನವೀಕರಣದ ದಿನ, ಸಾಲಿನಲ್ಲಿ ಶಾಲಿನಿ ನಿಂತಿದ್ದಳು. ಸಾಮಾನ್ಯ ಸೀರೆ, ಬೆರಳಿನಲ್ಲಿ ಕಾರ್ಖಾನೆಯ ಎಣ್ಣೆ. ನನಗೆ ಅವಳ ಮುಖ ನೋಡಲಾಗಲಿಲ್ಲ.

"ವಯಸ್ಸು ಮುಗೀತಲ್ಲ ಶಾಲಿನಿ. ಇನ್ನ ಯಾಕ ತ್ರಾಸ ಮಾಡ್ಕೊಂಡ ಬಂದಿ?"

"ಕೆಲಸಕ್ಕಂತ ಬಂದಿಲ್ಲರಿ," ಎಂದಳು. "ಬರಲಿಲ್ಲಂದ್ರ ಹೆಸರು ತಗದ ಹಾಕ್ತೀರಲ್ಲ. ಈಗರ ಅದರಾಗ ಖರೇ ಬರದೈತಿ. ಇರ್ಲಿ ಅದು."

ಚೀಟಿ ತುಂಬಿದೆ. ಭಾಷೆಗಳ ಸಾಲಿನಲ್ಲಿ ಮರಾಠಿ, ಕನ್ನಡ ಎರಡನ್ನೂ ಬರೆದೆ, ಮುಂದಿನ ವರ್ಷದ ತಾರೀಖು ಹಾಕಿ ಮೊಹರು ಒತ್ತಿದೆ. ಇಷ್ಟು ವರ್ಷ ಓದದೆಯೇ ಮಡಚಿ ಚೀಲಕ್ಕೆ ಸೇರಿಸುತ್ತಿದ್ದ ಅಂಥ ಚೀಟಿಯನ್ನು ಆಕೆ ಅಂದು ಹಿಂದಿನವರು ಗೊಣಗುತ್ತಿದ್ದರೂ ಸಾಲು ಬಿಟ್ಟು ಕದಲದೆ, ಮೊದಲಿನಿಂದ ಕೊನೆಯವರೆಗೆ, ಪ್ರತಿಯೊಂದು ಅಕ್ಷರದ ಕೆಳಗೂ ಬೆರಳಿಟ್ಟು ಓದಿದಳು.